ಬೋರ್ಡಲ್ಲಿ ಉಡುಪಿ, ತಟ್ಟೆಯಲ್ಲಿ?

ಉಡುಪಿ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಮಸಾಲೆ ದೋಸೆ. ಆದ್ರೆ ಅಲ್ಲಿನ ಕೃಷ್ಣ ಮಠದ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಸೇರಲ್ಲ. ಅಂದ್ರೆ ದೋಸೆಯೊಳಗಿನ ಈರುಳ್ಳಿ ಪಲ್ಯಕ್ಕೆ ಅಲ್ಲಿ ಎಂಟ್ರಿನೇ ಇಲ್ಲ! ಚಾತುರ್ಮಾಸ್ಯ ಬಂದ್ರೆ ಇನ್ನೂ ಬಿಗಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರಿಲ್ಲ, ಮೂರಕ್ಕೆ ಹಾಲಿಲ್ಲ, ನಾಲ್ಕಕ್ಕೆ ಬೇಳೆಕಾಳಿಲ್ಲ. ಇಷ್ಟೆಲ್ಲ ಬಿಟ್ಟೂ ರುಚಿಯಾಗಿ ಬಡಿಸೋದಿದೆಯಲ್ಲ, ನನ್ನ ಪ್ರಕಾರ ಉಡುಪಿಯ ಕೈರುಚಿ ಅಂದ್ರೆ ಅದು.

ಇನ್ನು ಮಟ್ಟು ಗುಳ್ಳ. ಉಡುಪಿ ಹತ್ತಿರದ ಮಟ್ಟು ಊರಲ್ಲಿ ಬೆಳೆಯೋ ಹಸಿರು ಗುಂಡುಬದನೆ. ಬೀಜ ಕೊಟ್ಟಿದ್ದು ವಾದಿರಾಜರು ಅಂತ ಜನರ ನಂಬಿಕೆ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ತು. ಕಾಮರ್ಸ್ ಓದಿದ ನನಗೆ ಇಲ್ಲೊಂದು ತಮಾಷೆ ಕಾಣುತ್ತೆ: ಬೇರೆ ಬದನೆಯನ್ನ ಮಟ್ಟು ಗುಳ್ಳ ಅಂತ ಮಾರೋ ಹಾಗಿಲ್ಲ, ಉಡುಪಿ ಹೋಟೆಲ್ ಅನ್ನೋ ಬೋರ್ಡ್ ಮಾತ್ರ ಯಾರ್ಯಾರೋ ಹಾಕ್ಕೋತಾರೆ. ಉಡುಪಿಗೆ ಹೋದಾಗ ದೋಸೆ ಆಮೇಲಿರಲಿ, ಗುಳ್ಳದ ಹುಳಿ ಇದೆಯಾ ಅಂತ ಕೇಳಿ.