ಒಂದು ಸ್ಫೋಟ, ಐದು ಸಾಕ್ಷಿ



ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗ ಆ ಬೆಳಕಿನ ಬೆನ್ನಿಗೇ ಇನ್ನೊಂದು ದಂಡು ಹೊರಡುವುದುಂಟು. ಅದರಲ್ಲಿ ಎಲೆಕ್ಟ್ರಾನು, ಪ್ರೋಟಾನುಗಳಿರುತ್ತವೆ. ಹೀಲಿಯಂ, ಕಬ್ಬಿಣದಂಥ ಭಾರದ ಅಯಾನುಗಳೂ ಒಂದಿಷ್ಟು ಇರುತ್ತವೆ. ಉಪಗ್ರಹಗಳ ಎಲೆಕ್ಟ್ರಾನಿಕ್ ಭಾಗಗಳನ್ನು ಕೆಡಿಸಬಲ್ಲ, ಗಗನಯಾತ್ರಿಗಳ ದೇಹಕ್ಕೆ ಅಪಾಯ ತರಬಲ್ಲ ಕಣಗಳಿವು.

ಇವನ್ನು ಅಳೆಯುವ ಉಪಕರಣದೊಳಗೆ ಸಿಲಿಕಾನ್ ಬಿಲ್ಲೆಗಳು ಒಂದರ ಹಿಂದೊಂದು ಕೂತಿರುತ್ತವೆ. ಮುಂದಿನದು ತೆಳು, ಹಿಂದಿನದು ದಪ್ಪ. ತೆಳುಬಿಲ್ಲೆಯನ್ನು ತೂರಿಹೋಗುವಾಗ ಕಣ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುತ್ತದೆ. ಉಳಿದದ್ದನ್ನೆಲ್ಲ ದಪ್ಪ ಬಿಲ್ಲೆಯಲ್ಲಿ ಸುರಿದು ನಿಂತುಬಿಡುತ್ತದೆ. ಎರಡರಲ್ಲೂ ಹುಟ್ಟಿದ ವಿದ್ಯುತ್ ಮಿಡಿತಗಳನ್ನು ಹೋಲಿಸಿ ನೋಡಿದರೆ ಬಂದದ್ದು ಪ್ರೋಟಾನೋ ಹೀಲಿಯಮ್ಮೋ, ಅದರ ಶಕ್ತಿ ಎಷ್ಟು ಎಂಬುದು ತಿಳಿಯುತ್ತದೆ.

ತೊಡಕಿರುವುದು ದಾರಿಯಲ್ಲಿ. ವಿದ್ಯುದಾವೇಶವುಳ್ಳ ಕಣ ಕಾಂತರೇಖೆಯ ಗುಂಟವೇ ಸಾಗಬೇಕು. ಸೂರ್ಯ ತಿರುಗುತ್ತಲೇ ಸೌರಮಾರುತವನ್ನು ಹೊರಗೆ ಬೀಸುವುದರಿಂದ ಆ ರೇಖೆಗಳು ದೀಪಾವಳಿಯ ಭೂಚಕ್ರದ ಕಿಡಿಗಳಂತೆ ಸುರುಳಿಯಾಗಿ ಬಾಗಿರುತ್ತವೆ. ಒಂದು ನೌಕೆಗೆ ಕಣಗಳು ತಡವಾಗಿ ಬಂದವು ಅನ್ನಿ. ಸೂರ್ಯನೇ ತಡವಾಗಿ ಬಿಟ್ಟನೋ, ಅಥವಾ ಸ್ಫೋಟದ ಜಾಗಕ್ಕೆ ನೇರ ದಾರಿಯಿಲ್ಲದೆ ಅವು ಬಳಸಿ ಬಂದವೋ? ಒಂದೇ ನೌಕೆಯ ಲೆಕ್ಕ ನೋಡಿ ಇದನ್ನು ಹೇಳಲಾಗದು.

ಈ ದಾರಿಯ ಶೋಧದಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾಯರ ಪಾಲೂ ಇದೆ. ಇಸ್ರೋ ಅಧ್ಯಕ್ಷರಾಗುವ ಎಷ್ಟೋ ಮೊದಲು, 1960ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ, ಕಣಗಳು ಯಾವ ದಿಕ್ಕಿನಿಂದ ಬರುತ್ತವೆಂದು ಅಳೆಯುವ ಪ್ರಯೋಗದಲ್ಲಿ ಅವರು ದುಡಿದರು. 1965ರಲ್ಲಿ ಹಾರಿದ ಪಯನಿಯರ್ 6 ನೌಕೆ ಆ ಪ್ರಯೋಗದ ಉಪಕರಣವನ್ನು ಹೊತ್ತೊಯ್ದಿತ್ತು.

ಈಗ ಸಾಕ್ಷಿಗಳು ಹೆಚ್ಚಿದ್ದಾರೆ. 2021ರ ಏಪ್ರಿಲ್ 17ರ ಸ್ಫೋಟದ ಕಣಗಳನ್ನು ಐದು ಕಡೆಗಳಿಂದ ಅಳೆದರು. ಬುಧನತ್ತ ಹೊರಟಿದ್ದ ಬೆಪಿಕೊಲಂಬೊ, ಪಾರ್ಕರ್ ಸೋಲಾರ್ ಪ್ರೋಬ್, ಸೋಲಾರ್ ಆರ್ಬಿಟರ್, ಸ್ಟೀರಿಯೊ-ಎ ಇವು ನಾಲ್ಕು. ಭೂಮಿಯ ಹತ್ತಿರದ ನೌಕೆಗಳು ಐದನೆಯ ಕಡೆ. ಕಣಗಳು ಸೂರ್ಯನ ಸುತ್ತ 210 ಡಿಗ್ರಿಯಷ್ಟು ಹರಡಿದ್ದವು. ಎಲ್ಲರ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಎಲೆಕ್ಟ್ರಾನುಗಳಿಗೆ ಹೆಚ್ಚಾಗಿ ಸ್ಫೋಟದ ಜಾಗವೇ ಮೂಲವೆಂದೂ, ಪ್ರೋಟಾನುಗಳನ್ನು ಮುಖ್ಯವಾಗಿ ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ ಎಂಬ ಆವೇಶಗೊಂಡ ಅನಿಲದ ಮುಂದೆ ಓಡುವ ಆಘಾತ ತರಂಗ ತಳ್ಳಿರಬೇಕೆಂದೂ ಕಂಡಿತು.

ನಮ್ಮ ಆದಿತ್ಯ-ಎಲ್1 ನೌಕೆ ಕೂಡ 2024ರ ಜನವರಿಯಿಂದ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆನಿಂತು ಈ ಸಾಕ್ಷಿಗಳ ಸಾಲಿಗೆ ಸೇರಿದೆ. ಕಣಗಳನ್ನು ಅಳೆಯಲು ಅದರಲ್ಲಿರುವ ಆಸ್ಪೆಕ್ಸ್ ಉಪಕರಣವನ್ನು ಕಟ್ಟಿದ್ದು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾ ಪ್ರಯೋಗಾಲಯ. ಆದರೆ ಅದೂ ಭೂಮಿಯ ಕಡೆಯಿಂದಲೇ ನೋಡುತ್ತದೆ. ಕಣಗಳೋ ಭೂಮಿಯ ಕಡೆಗಷ್ಟೇ ಬರುವುದಿಲ್ಲ. 2021ರ ಅಕ್ಟೋಬರ್ 28ರಂದು ಒಂದೇ ಸ್ಫೋಟದ ಕಣಗಳು ಭೂಮಿ, ಚಂದ್ರ, ಮಂಗಳ ಮೂರರಲ್ಲೂ ದಾಖಲಾದವು. ಆಗ ಮಂಗಳವಿದ್ದದ್ದು ಹೆಚ್ಚುಕಡಿಮೆ ಸೂರ್ಯನ ಆಚೆ ಬದಿಗೆ. ನಾಳೆ ಮಂಗಳಕ್ಕೆ ಮನುಷ್ಯರು ಹೊರಟರೆ ಭೂಮಿಯ ಬಳಿಯ ಕಾವಲೊಂದೇ ಸಾಲದು. ಸೂರ್ಯನ ಸುತ್ತಲೂ ಕಾವಲಿರಬೇಕು.