ಗೋಧಿಯ ರೂಪಾಯಿ, ಅಗ್ಗದ ಪುಸ್ತಕ

(ತಾಂತ್ರಿಕ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿ ಕೆದಕಿದವರು ಮೂರು ಬಗೆಯ ಪುಸ್ತಕಗಳನ್ನು ಕಂಡಿರುತ್ತಾರೆ. ಮಾಸ್ಕೋದ ಮೀರ್ ಪ್ರಕಾಶನದ ಗಟ್ಟಿ ರಟ್ಟಿನ ಪುಸ್ತಕ ಒಂದು. ಮುಖಪುಟದ ಮೇಲೆ ‘ಇಎಲ್‌ಬಿಎಸ್’ ಎಂದು ಅಚ್ಚಾದ ಬ್ರಿಟಿಷ್ ಪುಸ್ತಕ ಇನ್ನೊಂದು. ಅಮೆರಿಕದ ಪಠ್ಯಪುಸ್ತಕದ ಭಾರತೀಯ ಮರುಮುದ್ರಣ ಮತ್ತೊಂದು. ನಮ್ಮ ಎಷ್ಟೋ ಎಂಜಿನಿಯರುಗಳು, ವೈದ್ಯರು ಇವನ್ನು ಓದಿಯೇ ಮೇಲೆ ಬಂದರು. ಇವು ಅಷ್ಟು ಅಗ್ಗವಾಗಿದ್ದುದಾದರೂ ಹೇಗೆ?

ಅಮೆರಿಕದ ಕಥೆ ಸ್ವಾರಸ್ಯವಾಗಿದೆ. ಅಲ್ಲಿನ 1954ರ ಪಿ.ಎಲ್. 480 ಕಾಯಿದೆಯಡಿ ನಾವು ಗೋಧಿ ತರಿಸಿಕೊಂಡು ರೂಪಾಯಿಯಲ್ಲೇ ಬೆಲೆ ಕೊಟ್ಟೆವು. ಇಲ್ಲೇ ಉಳಿದ ಆ ಹಣದ ಒಂದು ಪಾಲು ಅಮೆರಿಕದ ಪಠ್ಯಪುಸ್ತಕಗಳನ್ನು ಇಲ್ಲಿ ಮರುಮುದ್ರಿಸುವುದಕ್ಕೆ ಸಹಾಯಧನವಾಯಿತು. ಬ್ರಿಟನ್ ತನ್ನ ಬೊಕ್ಕಸದಿಂದಲೇ ನಷ್ಟ ತುಂಬಿಕೊಟ್ಟಿತು. ಬೈಲಿ ಮತ್ತು ಲವ್ ಅವರ ಶಸ್ತ್ರಚಿಕಿತ್ಸೆಯ ಗ್ರಂಥ ನಮ್ಮ ವೈದ್ಯ ವಿದ್ಯಾರ್ಥಿಗಳ ಕೈಗೆಟುಕಿದ್ದು ಹಾಗೆ. ಸೋವಿಯತ್ ಒಕ್ಕೂಟದಲ್ಲಿ ಪ್ರಕಾಶನ ಸರ್ಕಾರದ್ದೇ, ಲಾಭದ ಮಾತಿರಲಿಲ್ಲ. ಇರೊದೋವ್ ಅವರ ಭೌತಶಾಸ್ತ್ರದ ಲೆಕ್ಕಗಳು ನಮ್ಮ ಹುಡುಗರ ನಿದ್ದೆಗೆಡಿಸಿದ್ದು ಆ ದಾರಿಯಲ್ಲಿ ಬಂದೇ. 1960ರಲ್ಲಿ ಆರಂಭವಾದ ಬೆಂಗಳೂರಿನ ನವಕರ್ನಾಟಕ ಸಂಸ್ಥೆ ಸೋವಿಯತ್ ಪುಸ್ತಕಗಳನ್ನು ಕನ್ನಡ ನಾಡಿನ ಓದುಗರಿಗೆ ಮುಟ್ಟಿಸಿತು.

ಇದೆಲ್ಲ ಬರಿಯ ದಾನವಲ್ಲ. ಅದು ಶೀತಲ ಸಮರದ ಕಾಲ; ಭಾರತದ ತರುಣರ ಮನಸ್ಸು ಎರಡೂ ಬಣಗಳಿಗೆ ಬೇಕಾಗಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1997ರಲ್ಲಿ ಬ್ರಿಟನ್ ತನ್ನ ಯೋಜನೆಯನ್ನು ನಿಲ್ಲಿಸಿತು. ಕೊಡುವವರ ಅಗತ್ಯ ತೀರಿತು, ನಮ್ಮ ಅಗತ್ಯ ತೀರಲಿಲ್ಲ.

ಈಗ ಉಳಿದಿರುವುದು ಪ್ರಕಾಶಕರೇ ತರುವ ಭಾರತೀಯ ಆವೃತ್ತಿಗಳು. ಕೊಳ್ಳುವವರು ಸಾವಿರಗಟ್ಟಲೆ ಇರುವ ವಿಷಯಗಳಲ್ಲಿ ಇವು ಸಿಗುತ್ತವೆ. ಕೊಳ್ಳುವವರು ಬೆರಳೆಣಿಕೆಯಷ್ಟಿರುವ ವಿಶೇಷ ವಿಷಯಕ್ಕೆ ಹೋದರೆ ಬೆಲೆ ಡಾಲರಿನ ಲೆಕ್ಕ. ಆಗ ವಿದ್ಯಾರ್ಥಿ ಹೋಗುವುದು ಜೆರಾಕ್ಸ್ ಅಂಗಡಿಗೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಇಂಥ ಅಂಗಡಿಯ ಮೇಲೆ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಅವಕಾಶವಿದೆ ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಹಾಗೆಂದು ಇಡೀ ಪುಸ್ತಕವನ್ನು ನಕಲು ಮಾಡಿ ಮಾರಲು ಇದು ಪರವಾನಗಿಯಲ್ಲ.

‘ಎಲ್ಲವೂ ಫೋನಿನಲ್ಲೇ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ, ಉಪಯೋಗವೂ ಉಂಟು. ಆದರೆ ಲೆಕ್ಕ ಬಿಡಿಸುವಾಗ ಚಿತ್ರ ಒಂದು ಪುಟದಲ್ಲಿ, ಸೂತ್ರ ಹಿಂದಿನ ಪುಟದಲ್ಲಿ, ಕೋಷ್ಟಕ ಕೊನೆಯಲ್ಲಿ ಇರುತ್ತದೆ. ಮೂರು ಕಡೆ ಬೆರಳಿಟ್ಟು, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ಓದುವ ಅನುಕೂಲ ಅಂಗೈಯಗಲದ ತೆರೆಯ ಮೇಲೆ ಸಿಗದು.

ಪರದೇಶದ ರಾಜಕೀಯ ನಮಗೆ ಮತ್ತೆ ಪುಸ್ತಕ ಹಂಚುವುದೆಂದು ಕಾದು ಕೂರುವುದು ಬೇಡ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಬುಕ್ ಬ್ಯಾಂಕ್ ಇದೆಯೇ ವಿಚಾರಿಸಿ. ಇಲ್ಲದಿದ್ದರೆ ಬೇಕೆಂದು ಕೇಳಿ. ದುಬಾರಿ ಪುಸ್ತಕ ಒಂದೇ ಪ್ರತಿ ಇದ್ದರೆ ಇನ್ನಷ್ಟು ತರಿಸಲು ಒತ್ತಾಯಿಸಿ. ಕೊನೆಯ ಪರೀಕ್ಷೆ ಮುಗಿದ ದಿನ ನಿಮ್ಮ ಪುಸ್ತಕಗಳನ್ನು ರದ್ದಿಗೆ ಹಾಕದೆ ಕಿರಿಯರ ಕೈಗೆ ಕೊಡಿ. ನೀವು ಬಿಡಿಸಲಾಗದೆ ಬಿಟ್ಟ ಲೆಕ್ಕವನ್ನು ಅವರಲ್ಲಿ ಯಾರಾದರೂ ಬಿಡಿಸಿಯಾರು.