ಹುಲ್ಲು ಕೊಡದೆ ಇಟ್ಟಿಗೆ ಕೇಳಬೇಡಿ
(ಮೇ 1 – ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಇಂದು ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು. ಪ್ರತಿ ವರ್ಷ ಈ ದಿನ, ಪ್ರಾಮಾಣಿಕವಾಗಿ ದುಡಿಯಿರಿ ಎಂದು ದುಡಿಯುವವರಿಗೆ ಹೇಳುತ್ತೇವೆ. ಈ ವರ್ಷ ದುಡಿಸಿಕೊಳ್ಳುವವರ ಕರ್ತವ್ಯವನ್ನು ಕುರಿತು ಧ್ಯಾನಿಸೋಣ. 'ನಮಗೂ ಇದಕ್ಕೂ ಏನು ಸಂಬಂಧ?' ಎನ್ನಬೇಡಿ. ಅಂಗಡಿಯಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡವರು, ಮನೆಗೆಲಸಕ್ಕೆ ಒಬ್ಬಾಕೆಯನ್ನು ಕರೆಸಿಕೊಳ್ಳುವವರು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವವರು, ಶಾಲೆ ಆಸ್ಪತ್ರೆ ನಡೆಸುವ ಗುರುಗಳು, ಕನ್ಯಾಸ್ತ್ರೀಯರು, ಎಲ್ಲರೂ ಇದರಲ್ಲಿ ಸೇರಿದ್ದೇವೆ.

ವಿಮೋಚನಾಕಾಂಡದ ಐದನೆಯ ಅಧ್ಯಾಯವನ್ನು ನೆನೆಯಿರಿ. ಇಸ್ರಯೇಲರು ಇಟ್ಟಿಗೆ ಮಾಡುತ್ತಿದ್ದರು. ಅವರಿಗೆ ಇನ್ನು ಮುಂದೆ ಒಣಹುಲ್ಲು ಕೊಡಬೇಡಿ, ಅವರೇ ಹುಡುಕಿಕೊಳ್ಳಲಿ, ಆದರೆ ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು ಎಂದು ಫರೋಹನು ಆಜ್ಞೆ ಮಾಡಿದನು. ಲೆಕ್ಕ ತಪ್ಪಿದಾಗ ಮೇಸ್ತ್ರಿಗಳಿಗೆ ಏಟು ಬಿತ್ತು. ಜನ ಸೋಮಾರಿಗಳು ಎಂಬ ಹೆಸರೂ ಬಂತು. ಇಂದು ಆಳು ಕಡಿಮೆ ಮಾಡಿ ಟಾರ್ಗೆಟ್ ಹೆಚ್ಚಿಸುವಾಗ, ತಲುಪದವರನ್ನು ಎಲ್ಲರೆದುರು ಗದರುವಾಗ, ನಾವು ನಡೆಯುವುದು ಅದೇ ದಾರಿಯಲ್ಲಿ.

ಇದರ ಫಲವೇನು? ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2022ರಲ್ಲಿ ತಿಳಿಸಿದವು. ಇದು ಹೊಸ ಮಾತೇನಲ್ಲ. ಅತಿಯಾದ ದುಡಿಮೆ ದೇಹವನ್ನು ಸವೆಸುತ್ತದೆ, ಮನಸ್ಸನ್ನೂ ಮಂಕಾಗಿಸುತ್ತದೆ ಎಂದು ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲೇ 'ರೇರುಂ ನೊವಾರುಂ' ಪರಿಪತ್ರದಲ್ಲಿ ಎಚ್ಚರಿಸಿದ್ದರು.

ನಾವೂ ತಪ್ಪು ಮಾಡಿದ್ದೇವೆ. ಹಿಂದೆ ನಾವಿದ್ದ ಒಂದು ಧರ್ಮಕೇಂದ್ರದ ಶಾಲಾ ಕಚೇರಿಯಲ್ಲಿ ಇಬ್ಬರ ಕೆಲಸ ಒಬ್ಬರ ಹೆಗಲಿಗೆ ಬಂತು. ಅವರು ಒಂದು ದಿನ ಬಂದು, "ಫಾದರ್, ರಾತ್ರಿ ನಿದ್ದೆ ಬರ್ತಿಲ್ಲ, ಎದೆ ಡವಡವ ಅನ್ನುತ್ತೆ" ಎಂದರು. "ಜಪಸರ ಹೇಳಿ ಮಲಗಿ, ಸರಿಹೋಗುತ್ತೆ" ಎಂದು ಕಳುಹಿಸಿದೆವು. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಫೀಸಿನ ಲೆಕ್ಕ ಕೇಳುವುದನ್ನು ಮಾತ್ರ ಬಿಡಲಿಲ್ಲ. ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಆ ಜಾಗಕ್ಕೆ ಇಬ್ಬರನ್ನು ನೇಮಿಸಬೇಕಾಯಿತು. ಪ್ರಾರ್ಥನೆ ಬೇಕು, ನಿಜ. ಆದರೆ ನಾವು ಹೊರಿಸಿದ ಹೊರೆಯನ್ನು ನಾವೇ ಇಳಿಸಬೇಕಿತ್ತು.

ದೇವರು ತಮ್ಮ ಕೆಲಸಗಾರನನ್ನು ಹೇಗೆ ನೋಡಿಕೊಂಡರು? ಪ್ರವಾದಿ ಎಲೀಯನು ಬಳಲಿ, ಗಿಡದ ಕೆಳಗೆ ಕುಳಿತು, ಸಾವನ್ನೇ ಬೇಡಿದನು. ದೇವರು ಗದರಲಿಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ಎರಡು ಸಲ ರೊಟ್ಟಿ, ನೀರು ಕೊಟ್ಟರು. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡನು. ಹೋರೇಬ್ ಬೆಟ್ಟದಲ್ಲಿ ಅವನ ದೂರನ್ನು ಎರಡು ಸಲ ಕೇಳಿದರು. ಕೊನೆಗೆ ಎಲೀಷನನ್ನು ಜೊತೆಗಾರನಾಗಿ ಕೊಟ್ಟರು. ವಿಶ್ರಾಂತಿ, ಆಹಾರ, ಕೇಳುವ ಕಿವಿ, ಹೊರೆ ಹಂಚಿಕೊಳ್ಳುವ ಕೈ: ಮಾಲೀಕರು ಕಲಿಯಬೇಕಾದ ಪಾಠವೆಲ್ಲ ಇಲ್ಲಿದೆ.

ಆದ್ದರಿಂದ ಕೈಗಳನ್ನು ಎಣಿಸಿ ಕೆಲಸ ಕೊಡೋಣ. ವಾರದ ರಜೆ ನಿಜವಾಗಿ ರಜೆಯಾಗಿರಲಿ. ಆ ದಿನ ಫೋನ್ ಬೇಡ. ಯಾರ ಕೆಲಸ ಯಾವುದು ಎಂಬುದನ್ನು ಮೊದಲೇ ಸ್ಪಷ್ಟಪಡಿಸೋಣ. ಆಳುಗಳನ್ನು ನೋಡಿಕೊಳ್ಳುವವರಿಗೆ ಬಳಲಿದವರನ್ನು ಗುರುತಿಸಲು, ತಾಳ್ಮೆಯಿಂದ ಮಾತಾಡಲು ಕಲಿಸೋಣ. ಮನಸ್ಸಿನ ಕಾಯಿಲೆಯಿಂದ ರಜೆ ಹಾಕಿದವರ ಗುಟ್ಟು ಕಾಪಾಡಿ, ಮರಳಿ ಬಂದಾಗ ಮೊದಲು ಹಗುರ ಕೆಲಸ ಕೊಡೋಣ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸೋಣ. ಆದರೆ ನಂಬರ್ ಅಂಟಿಸಿ ಹೊರೆಯನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ.

ನಜರೇತಿನ ಬಡಗಿಯ ಕೈಕೆಳಗೆ ದೇವಪುತ್ರರೇ ಕೆಲಸ ಕಲಿತರು. ನಮ್ಮ ಕೈಕೆಳಗಿರುವವರಲ್ಲಿ ಅವರನ್ನೇ ಕಾಣೋಣ. ಈ ಸಂಜೆ ಮನೆಗೆ ಹೋದ ಮೇಲೆ, ನಮಗಾಗಿ ದುಡಿಯುವ ಒಬ್ಬರನ್ನಾದರೂ ಕೇಳೋಣ: "ಕೆಲಸ ಭಾರವಾಗ್ತಿದೆಯಾ?" ಉತ್ತರ ಬರುವವರೆಗೂ ಕಾಯೋಣ.

ಕಾರ್ಮಿಕ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.